ಮರ ಕಡಿಯುವವರ ನಂಬರು ಕೇಳಿದ ತಮ್ಮನಿಗೆ

ಪ್ರೀತಿಯ ತಮ್ಮ, ತಂಗಿ,

ಕಳೆದ ಭಾನುವಾರ ಸಂಜೆ ಬೇಲಿ ಹತ್ತಿರ ನಿಂತು ತಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಮರ ಕಡಿಯೋರ ನಂಬರ್ ಏನಾದ್ರೂ ಇದೆಯಾ?" ಹುಡುಕಿ ಕೊಡ್ತೀನಿ ಅಂದು ಒಳಗೆ ಬಂದೆ. ಹುಡುಕುವ ಅಗತ್ಯ ಇರಲಿಲ್ಲ. ನಂಬರು ನನ್ನ ಫೋನಿನಲ್ಲೇ ಇದೆ, 14 ವರ್ಷದಿಂದ ಇದೆ. ಕೊಡಲು ಕೈ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳದೆ ಸುಮ್ಮನಿರುವುದು ನೆರೆಮನೆಯವಳಾಗಿ ನನಗೆ ಸರಿ ಕಾಣುತ್ತಿಲ್ಲ, ಅದಕ್ಕೇ ಈ ಪತ್ರ.

ಬಾಗಿಲಿಗೆ ಬಂದು ಹೇಳಬಹುದಾದ ಮಾತನ್ನು ನಾಲ್ಕು ಜನ ಓದುವ ಹಾಗೆ ಬರೆದಳಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ನ್ಯೂಜೆರ್ಸಿಯ ಈ ಭಾಗದಲ್ಲಿ ಮನೆ ಕೊಂಡ ನಮ್ಮ ಕಡೆಯವರೆಲ್ಲ ಅಕ್ಟೋಬರ್ ಬಂತೆಂದರೆ ಇದೇ ಪ್ರಶ್ನೆ ಕೇಳುತ್ತಾರೆ. ಊರಲ್ಲಿ ಅಂಗಳಕ್ಕೆ ಮಾವಿನ ಎಲೆ ಬಿದ್ದರೆ ಗುಡಿಸಿ ಬೆಳೆದವರಿಗೆ ಇಲ್ಲಿ ಓಕ್ ಕಾಯಿ ಬಿದ್ದಾಗ ಏನು ಮಾಡಬೇಕೆಂದು ಹೇಳಿಕೊಡುವವರು ಯಾರೂ ಇಲ್ಲ. ನಮಗೂ ಯಾರೂ ಇರಲಿಲ್ಲ. ಆ ಕಾರಣಕ್ಕೆ ನಾವು ಮಾಡಿದ ತಪ್ಪು ನಿಮಗೆ ಗೊತ್ತಿರಲಿ ಅಂತ ಎಲ್ಲರೆದುರು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಕಷ್ಟದ ಮಾತು. ಅದು ಸುಳ್ಳಲ್ಲ. ತಂಗಿ ದಿನಸಿ ಚೀಲ ಹಿಡಿದು ಕಾರಿನಿಂದ ಇಳಿಯುವಾಗ ಕಾಲಡಿಯ ಕಾಯಿ ಉರುಳಿ ಬಿದ್ದು ಪಾದ ಉಳುಕಿಸಿಕೊಂಡಳು. ಕಾರಿನ ಬಾನೆಟ್ಟಿನ ಮೇಲೆ ಸಣ್ಣ ಸಣ್ಣ ಕುಳಿ ಬಿದ್ದಿವೆ. ರಾತ್ರಿ ಗಾಳಿ ಬೀಸಿದಾಗ ಮಾಡಿನ ಮೇಲೆ ಕಲ್ಲು ಎಸೆದ ಹಾಗೆ ಟಕ್ ಟಕ್ ಸದ್ದಾಗಿ ನಿಮ್ಮ ಮಗಳು ಪುಟ್ಟಿ ಎದ್ದು ಅಳುತ್ತಾಳೆ. ಗಟಾರಿನ ಕೊಳವೆಯಲ್ಲಿ ಎಲೆ, ಕಾಯಿ ಸೇರಿ ಕಟ್ಟಿಕೊಂಡು ಮಳೆನೀರು ಗೋಡೆ ಮೇಲೆ ಇಳಿಯುತ್ತಿದೆ. ಇಷ್ಟೆಲ್ಲ ಒಂದೇ ತಿಂಗಳಲ್ಲಿ ಆದರೆ ಯಾರಿಗಾದರೂ ಮರದ ಮೇಲೆ ಸಿಟ್ಟು ಬರುತ್ತದೆ. ನಮಗೂ ಬಂದಿತ್ತು.

ನಮ್ಮ ಹಿತ್ತಲಲ್ಲಿ, ಈಗ ಬಟ್ಟೆ ಒಣಹಾಕುವ ತಂತಿ ಇದೆಯಲ್ಲ, ಅಲ್ಲೊಂದು ಬಿಳಿ ಓಕ್ ಇತ್ತು. ಎರಡಾಳು ತಬ್ಬುವಷ್ಟು ಬೊಡ್ಡೆ. ಮನೆ ಕೊಂಡ ಮೊದಲ ಮೂರು ವರ್ಷ ನಾನು ಒಂದೂ ಕಾಯಿ ಉಳಿಸದೆ ಗುಡಿಸಿ, ಕಾಗದದ ಚೀಲಗಳಿಗೆ ತುಂಬಿ, ರಸ್ತೆಯಂಚಿಗೆ ಇಡುತ್ತಿದ್ದೆ. ಮರದ ಬುಡ ಬೋಳು ನೆಲವಾಯಿತು. ಮಳೆ ಬಿದ್ದರೆ ಕೆಸರು, ಬಿಸಿಲಿಗೆ ಕಬ್ಬಿಣದಷ್ಟು ಗಟ್ಟಿ. ನಾಲ್ಕನೇ ವರ್ಷ ಕಾಯಿ ವಿಪರೀತ ಬಿತ್ತು. ಯಜಮಾನರಿಗೆ ಸೊಂಟ ನೋವು, ನನಗೆ ಸಾಕಾಗಿತ್ತು. ಮರ ಕಡಿಯುವ ಒಬ್ಬರನ್ನು ಕರೆಸಿದೆವು. ಅವರು ಮರವನ್ನು ಸರಿಯಾಗಿ ತಲೆಯೆತ್ತಿ ನೋಡಲೂ ಇಲ್ಲ, "ಮುದಿ ಮರ, ಇವತ್ತಲ್ಲ ನಾಳೆ ಬೀಳುತ್ತದೆ" ಅಂದರು. ನಮಗೂ ಅದೇ ಮಾತು ಬೇಕಿತ್ತು. ಒಂದು ಹಗಲಿನಲ್ಲಿ ಕೆಲಸ ಮುಗಿಯಿತು. ಸಂಜೆ ಬುಡದ ಕೊರಡನ್ನು ನೋಡಿದರೆ ಅಂಚಿನಿಂದ ನಡುವಿನ ತನಕ ಎಲ್ಲೂ ಟೊಳ್ಳಿಲ್ಲ, ಕಲೆ ಇಲ್ಲ. ನಾನು ಕೂತು ಉಂಗುರ ಎಣಿಸಿದೆ. 110ರ ವರೆಗೆ ಎಣಿಸಿದ ಮೇಲೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.

ಮರುವರ್ಷ ಬೇಸಿಗೆಯಲ್ಲಿ ಅಡುಗೆಮನೆಯ ಕಿಟಕಿಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯಿತು. ಎಸಿ ಇಡೀ ದಿನ ಓಡಿತು. ಮರ ಕುಡಿಯುತ್ತಿದ್ದ ನೀರು ಕುಡಿಯುವವರಿಲ್ಲದೆ ಹಿತ್ತಲಲ್ಲೇ ನಿಂತು, ಜೋರು ಮಳೆ ಬಂದಾಗ ಬೇಸ್‌ಮೆಂಟಿಗೆ ಇಳಿಯತೊಡಗಿತು. ಅದಕ್ಕೆ ಪಂಪು ಹಾಕಿಸಿದೆವು. ದುಡ್ಡು ಹೋದದ್ದು ಹೋಯಿತು, ಅದರ ಬಗ್ಗೆ ನನಗೆ ದುಃಖವಿಲ್ಲ. ಚಳಿಗಾಲದ ಬೆಳಿಗ್ಗೆ ಕಾಫಿ ಹಿಡಿದು ಕಿಟಕಿ ಹತ್ತಿರ ನಿಂತರೆ ಕಾಣುತ್ತಿದ್ದ ಚಿಕಡೀ ಹಕ್ಕಿಗಳ ಗುಂಪು ಆಮೇಲೆ ಆ ಕಡೆ ಸುಳಿಯಲೇ ಇಲ್ಲ. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ನಿಮ್ಮ ಕೆಂಪು ಓಕಿನ ಅರ್ಧ ನೆರಳು ನಮ್ಮ ಕಡೆ ಬೀಳುವುದು ನನ್ನ ಪಾಲಿಗೆ ಉಳಿದಿರುವ ಭಾಗ್ಯ. ಸ್ವಾರ್ಥ ಇದೆ, ಮುಚ್ಚಿಡುವುದಿಲ್ಲ. ಆದರೆ ಅದಷ್ಟೇ ಅಲ್ಲ.

ನಿಮಗೆ ಹೆದರಿಕೆಯಾಗಿರುವುದು ಪ್ರತಿ ವರ್ಷವೂ ಹೀಗೇ ಇರುತ್ತದೆ ಅಂತ. ಇರುವುದಿಲ್ಲ. ನಮ್ಮೂರಲ್ಲಿ ಮಾವು ಒಂದು ವರ್ಷ ಮುರಿದು ಬೀಳುವಷ್ಟು ಹಿಡಿದರೆ ಮರುವರ್ಷ ಎಲೆ ತೋರಿಸಿ ಸುಮ್ಮನಿರುತ್ತದಲ್ಲ, ಓಕ್ ಕೂಡ ಹಾಗೇ, ಅದಕ್ಕಿಂತಲೂ ಹೆಚ್ಚು. ಎರಡರಿಂದ ಐದು ವರ್ಷಕ್ಕೊಮ್ಮೆ ಸುರಿಮಳೆ, ನಡುವಿನ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು. ಆ ಸುರಿಮಳೆಯ ವರ್ಷವನ್ನು ಇಲ್ಲಿಯವರು 'ಮಾಸ್ಟ್' ವರ್ಷ ಅನ್ನುತ್ತಾರೆ. ವಿಶೇಷ ಏನೆಂದರೆ ಒಂದು ಮರ ಮಾತ್ರವಲ್ಲ, ಸುತ್ತಲಿನ ಹತ್ತಾರು ಮೈಲಿಯ ಓಕುಗಳೆಲ್ಲ ಒಟ್ಟಿಗೇ ಸುರಿಸುತ್ತವೆ. ತಿನ್ನುವ ಬಾಯಿಗಳು ಎಷ್ಟಿದ್ದರೂ ತಿಂದು ಮುಗಿಸಲಾಗದಷ್ಟು ಒಮ್ಮೆಲೇ ಚೆಲ್ಲಿದರೆ ನಾಲ್ಕಾದರೂ ಮೊಳೆಯುತ್ತವೆ. ನಡುವಿನ ಬಡ ವರ್ಷಗಳಲ್ಲಿ ತಿನ್ನುವವರ ಸಂಖ್ಯೆ ತಾನಾಗಿ ಇಳಿದಿರುತ್ತದೆ. ನಮ್ಮ ಕಡೆ ಬಿದಿರು ಕಾಡೆಲ್ಲ ಒಟ್ಟಿಗೆ ಹೂ ಬಿಟ್ಟು ಬಿದಿರಕ್ಕಿ ಸುರಿಸುವ ಹಾಗೆ. ಇದರಲ್ಲಿ ಕೆಂಪು ಓಕಿನದು ಇನ್ನೂ ದೂರದ ಲೆಕ್ಕ. ಬಿಳಿ ಓಕ್ ವಸಂತದಲ್ಲಿ ಹೂ ಬಿಟ್ಟು ಅದೇ ವರ್ಷದ ಶರತ್ಕಾಲಕ್ಕೆ ಕಾಯಿ ಉದುರಿಸುತ್ತದೆ. ಕೆಂಪು ಓಕ್ ಎರಡು ಬೇಸಿಗೆ ತೆಗೆದುಕೊಳ್ಳುತ್ತದೆ. ಈಗ ನಿಮ್ಮ ಡ್ರೈವ್‌ವೇ ಮೇಲೆ ಉರುಳುತ್ತಿರುವ ಕಾಯಿ ಕಳೆದ ವರ್ಷದ ವಸಂತದ ಹೂವಿನದು. ನೀವು ಈ ಮನೆ ನೋಡಲು ಬರುವ ಮೊದಲೇ ಅದು ಕೊಂಬೆಯ ಮೇಲಿತ್ತು.

(ಎರಡನ್ನೂ ಗುರುತಿಸುವುದು ಸುಲಭ. ಎಲೆಯ ಸೀಳುಗಳ ತುದಿ ದುಂಡಗಿದ್ದರೆ ಬಿಳಿ, ಚೂಪಾಗಿ ಮುಳ್ಳಿನಂಥ ಕೂದಲಿದ್ದರೆ ಕೆಂಪು. ನಿಮ್ಮದು ಕೆಂಪು. 1950ರಿಂದ ಇದು ನ್ಯೂಜೆರ್ಸಿಯ ರಾಜ್ಯವೃಕ್ಷ.)

ಇನ್ನು ಕೆಲಸದ ಮಾತು. ನಾನು ಕಲಿತದ್ದು ಒಂದೇ: ಕಾಯಿ ಎಲ್ಲಿ ಬಿದ್ದಿದೆ ಅನ್ನುವುದನ್ನು ನೋಡಿ ಏನು ಮಾಡಬೇಕೆಂದು ನಿರ್ಧರಿಸಬೇಕು. ಕಾಲು ಇಡುವ ಜಾಗದಲ್ಲಿ ಒಂದೂ ಇರಬಾರದು. ಮೆಟ್ಟಿಲು, ನಡೆಯುವ ದಾರಿ, ಡ್ರೈವ್‌ವೇ ಇವನ್ನು ಈ ಆರು ವಾರ ದಿನಕ್ಕೊಮ್ಮೆ ಗುಡಿಸಲೇಬೇಕು. ಬೆಳಿಗ್ಗೆ ಅಂಗಳ ಗುಡಿಸಿದ ಹಾಗೆ, ಹತ್ತು ನಿಮಿಷ. ಎಲೆ ಊದುವ ಯಂತ್ರ ತರಬೇಡಿ, ಎಲೆ ಹಾರುತ್ತದೆ, ಕಾಯಿ ಅಲ್ಲೇ ಕೂತಿರುತ್ತದೆ. ಗಟ್ಟಿ ಕಡ್ಡಿಯ ಪೊರಕೆಯೇ ಮೇಲು. ಕಾರನ್ನು ಎರಡು ತಿಂಗಳು ನಮ್ಮ ಮನೆ ಮುಂದೆ ನಿಲ್ಲಿಸಿ, ಅಲ್ಲಿ ಯಾವ ಕೊಂಬೆಯೂ ಇಲ್ಲ. ಗಟಾರಿಗೆ ಜಾಲರಿ ಹಾಕಿಸಿ. ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಬರುತ್ತದೆ.

ಹುಲ್ಲಿನ ಮೇಲೆ ಬಿದ್ದದ್ದಕ್ಕೆ ನನ್ನ ಗರಾಜಿನಲ್ಲಿ ಎರಡು ಉಪಕರಣ ನೇತುಹಾಕಿದ್ದೇನೆ, ನೀವು ನೋಡಿರಬಹುದು. ಉದ್ದ ಕೋಲಿನ ತುದಿಗೆ ಮೊಟ್ಟೆಯಾಕಾರದ ತಂತಿಯ ಪಂಜರ. ಹುಲ್ಲಿನ ಮೇಲೆ ಉರುಳಿಸುತ್ತಾ ಹೋದರೆ ತಂತಿಗಳು ಸ್ವಲ್ಪ ಅಗಲವಾಗಿ ಕಾಯಿಯನ್ನು ಒಳಗೆ ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಸೊಂಟ ಬಗ್ಗಿಸುವುದೇ ಬೇಡ. ಹುಲ್ಲು ಗಿಡ್ಡ ಇರಬೇಕು, ನೆಲ ಒಣಗಿರಬೇಕು. ಒದ್ದೆ ಎಲೆ ಹರಡಿಕೊಂಡಿದ್ದರೆ ಅದು ತಡವರಿಸುತ್ತದೆ. ನಾನು ಹುಡುಗಿಯಾಗಿದ್ದಾಗ ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಬೆನ್ನು ಬಗ್ಗಿಸಿ ಉದುರಡಿಕೆ ಹೆಕ್ಕಿದವಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಗೆ ಬಿಡುವಿಲ್ಲ. ಆಗ ಇದೊಂದು ಸಿಕ್ಕಿದ್ದರೆ ಅಜ್ಜಿಯ ಕೈಗೆ ಕೊಡುತ್ತಿದ್ದೆ ಅಂತ ಪ್ರತಿ ಸಲ ಉರುಳಿಸುವಾಗಲೂ ಅನ್ನಿಸುತ್ತದೆ.

ಹೆಕ್ಕಿದ್ದನ್ನು ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ, ವಸಂತದಲ್ಲಿ ಗುಂಡಿಯೇ ಸಸಿಮಡಿಯಾಗುತ್ತದೆ. ಗೋಣಿಚೀಲದೊಳಗೆ ಹಾಕಿ, ಮೇಲೆ ಕಾರನ್ನು ಒಮ್ಮೆ ಹಿಂದೆ ಮುಂದೆ ಓಡಿಸಿ ಜಜ್ಜಿದರೆ ಸಾಕು, ಆಮೇಲೆ ಕೊಳೆಯುತ್ತದೆ. ಹುಲ್ಲಿನಲ್ಲಿ ಕಣ್ಣು ತಪ್ಪಿ ಉಳಿದದ್ದು ಮೊಳೆತರೆ ಮೊದಲ ವರ್ಷವೇ ಮಳೆ ಬಂದ ಮರುದಿನ ಕೀಳಿ, ಸಲೀಸಾಗಿ ಬರುತ್ತದೆ. ಬಿಟ್ಟರೆ ತಾಯಿಬೇರು ಆಳಕ್ಕೆ ಇಳಿದು ಹಟ ಹಿಡಿಯುತ್ತದೆ. ಕಾಯಿ ಕಟ್ಟದಂತೆ ಮಾಡುವ ಔಷಧಿ ಸಿಗುತ್ತದೆ ಅಂತ ಯಾರೋ ತಮ್ಮನಿಗೆ ಹೇಳಿದ್ದಾರಂತೆ. ಸಿಗುವುದು ನಿಜ, ಆದರೆ ಹೂ ಬಿಟ್ಟ ಆ ಕೆಲವೇ ದಿನಗಳಲ್ಲಿ ನೆತ್ತಿಯಿಂದ ಬುಡದ ಕೊಂಬೆಯ ತನಕ ಎಲ್ಲಕ್ಕೂ ತಾಗಬೇಕು. ಇಷ್ಟೆತ್ತರದ ಮರಕ್ಕೆ ಅದು ಆಗುವ ಹೋಗುವ ಮಾತಲ್ಲ. ನಿಮ್ಮ ನಾಯಿಯ ಮೇಲೆ ಮಾತ್ರ ಕಣ್ಣಿಡಿ. ಕಾಯಿಯಲ್ಲಿ ಟ್ಯಾನಿನ್ ಜಾಸ್ತಿ, ತಿಂದರೆ ಹೊಟ್ಟೆ ಕೆಡುತ್ತದೆ, ಹೆಚ್ಚಾದರೆ ಅಪಾಯವೂ ಹೌದು.

ಇದೆಲ್ಲ ಕಾಲಿಗೆ ಸಿಗುವ ಜಾಗದ ಮಾತಾಯಿತು. ಮರದ ಬುಡದ ಮಾತೇ ಬೇರೆ. ಕೊಂಬೆಗಳ ನೆರಳು ಬೀಳುವಷ್ಟು ಜಾಗದಲ್ಲಿ, ಬೇಲಿಯ ಆ ಮೂಲೆಯಲ್ಲಿ, ಎಲೆಯನ್ನೂ ಕಾಯಿಯನ್ನೂ ಬಿದ್ದ ಹಾಗೆ ಬಿಡಿ. ಇದು ನನ್ನ ಬೇಡಿಕೆ, ಬೇಕಾದರೆ ಕೈಮುಗಿದು ಕೇಳುತ್ತೇನೆ. ನಮ್ಮ ಕಡೆ ಸೊಪ್ಪಿನ ಬೆಟ್ಟದಲ್ಲಿ ಉದುರಿದ ಒಣ ಎಲೆ, ಅಂದರೆ ದರಕು, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದೆವು, ಅದೇ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ದರಕು ಕಸ ಅಂತ ಯಾರೂ ಅಂದದ್ದು ನಾನು ಕೇಳಿಲ್ಲ. ಇಲ್ಲಿಗೆ ಬಂದು ನಾವೆಲ್ಲ ಆ ಮಾತನ್ನು ಹೇಗೆ ಮರೆತೆವೋ ಗೊತ್ತಿಲ್ಲ.

ಡೆಲಾವೇರ್ ವಿಶ್ವವಿದ್ಯಾಲಯದ ಡಗ್ಲಸ್ ಟಾಲಮಿ ಅನ್ನುವ ಕೀಟವಿಜ್ಞಾನಿ 2021ರಲ್ಲಿ ಓಕ್ ಮರದ ಮೇಲೇ ಒಂದು ಪುಸ್ತಕ ಬರೆದಿದ್ದಾರೆ, 'ದಿ ನೇಚರ್ ಆಫ್ ಓಕ್ಸ್'. ನಮ್ಮ ಈ ಸೀಮೆಯಲ್ಲಿ 500ಕ್ಕೂ ಹೆಚ್ಚು ಜಾತಿಯ ಚಿಟ್ಟೆ, ಪತಂಗಗಳ ಹುಳುಗಳಿಗೆ ಓಕ್ ಎಲೆಯೇ ಊಟ ಅನ್ನುತ್ತಾರೆ ಅವರು. ಇನ್ನಾವ ಮರಕ್ಕೂ ಇಷ್ಟು ದೊಡ್ಡ ಸಂಸಾರ ಇಲ್ಲಿಲ್ಲ. ಒಂದು ಜೊತೆ ಚಿಕಡೀ ಒಂದು ಗೂಡಿನ ಮರಿಗಳನ್ನು ದೊಡ್ಡದು ಮಾಡಲು 6,000ದಿಂದ 9,000 ಹುಳು ಹಿಡಿದು ತರಬೇಕಂತೆ. ಆ ಹುಳುಗಳಲ್ಲಿ ಬಹಳಷ್ಟು ಮರದಿಂದ ಕೆಳಗಿಳಿದು ಬುಡದ ದರಕಿನಲ್ಲೇ ಕೋಶ ಕಟ್ಟುತ್ತವೆ. ನಾನು ಮೂರು ವರ್ಷ ಚೀಲ ಚೀಲ ತುಂಬಿ ಕಳಿಸಿದ್ದು ಏನನ್ನು ಅಂತ ಆ ಪುಸ್ತಕ ಓದಿದ ಮೇಲೆ ತಿಳಿಯಿತು. ಮರ ಕಡಿಸುವ ಮೊದಲೇ ನಾನು ಆ ಹಕ್ಕಿಗಳ ಅನ್ನ ಕಿತ್ತುಕೊಳ್ಳಲು ಶುರು ಮಾಡಿದ್ದೆ.

ಒಂದು ಕೆಲಸ ಮಾಡಿ. ಬುಡದಲ್ಲಿ ಕಳೆದ ವರ್ಷದ ಹಳೇ ಕಾಯಿಗಳು ಕಪ್ಪಾಗಿ ಬಿದ್ದಿರುತ್ತವೆ, ಅವುಗಳಲ್ಲಿ ಸಣ್ಣ ತೂತಿರುವುದನ್ನು ಆರಿಸಿ. ಆ ತೂತು ಒಂದು ಮೂತಿಹುಳದ ಕೆಲಸ. ತಾಯಿ ದುಂಬಿಯ ಮೂತಿ ಅದರ ಮೈಯಷ್ಟೇ ಉದ್ದ. ಹಸಿ ಕಾಯಿ ಕೊಂಬೆಯಲ್ಲಿರುವಾಗಲೇ ಅದರಿಂದ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನ ತಿರುಳು ತಿಂದು, ಕಾಯಿ ನೆಲಕ್ಕೆ ಬಿದ್ದ ಮೇಲೆ ದುಂಡಗೆ ಕೊರೆದು ಹೊರಬಂದು, ಮಣ್ಣಿಗಿಳಿದು ವರ್ಷ ಎರಡು ವರ್ಷ ಮಲಗುತ್ತದೆ. ನಾನು ಮೊದಲ ಸಲ ಚಂದದ ಕಾಯಿ ಆರಿಸಿ ಸ್ಟೀಲ್ ತಪ್ಪಲೆಯಲ್ಲಿ ತುಂಬಿ ಕಟ್ಟೆಯ ಮೇಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಪ್ಪಲೆಯ ತಳದಲ್ಲಿ ಬೆಣ್ಣೆ ಬಣ್ಣದ ದಪ್ಪ ಹುಳುಗಳು ಮಣ್ಣು ಹುಡುಕಿಕೊಂಡು ಸುತ್ತುತ್ತಿದ್ದವು. ಅವನ್ನು ತಂದು ಮರದ ಬುಡದಲ್ಲಿ ಸುರಿದೆ, ಕಣ್ಣೆದುರೇ ತಲೆ ತೂರಿಸಿ ಮಣ್ಣೊಳಗೆ ಹೋದವು.

ಹುಳು ಹೋದ ಮೇಲೆ ಆ ಖಾಲಿ ಕಾಯಿಗೆ ಇನ್ನೊಬ್ಬರು ಬರುತ್ತಾರೆ. ತೂತಿರುವ ಹಳೇ ಕಾಯನ್ನು ಬೆಳ್ಳಗಿನ ತಟ್ಟೆಯ ಮೇಲೆ ಮೆಲ್ಲಗೆ ಒಡೆದರೆ ಕೆಲವೊಮ್ಮೆ ಒಳಗೊಂದು ಇರುವೆಯ ಊರೇ ಇರುತ್ತದೆ. ಪುಟ್ಟ ಪುಟ್ಟ ಜೇನುಬಣ್ಣದ ಇರುವೆಗಳು, ಮೂಲೆಯಲ್ಲಿ ರವೆಯಂಥ ಬಿಳಿ ಮೊಟ್ಟೆ, ನಡುವೆ ಸ್ವಲ್ಪ ದೊಡ್ಡದಾದ ರಾಣಿ. ಇಡೀ ಸಂಸಾರ ಒಂದೇ ಕಾಯಿಯೊಳಗೆ. ತಟ್ಟೆ ಬಿಸಿಲಿಗೆ ಬಂದದ್ದೇ ತಡ ಮೊಟ್ಟೆಗಳನ್ನು ಕಚ್ಚಿಕೊಂಡು ನೆರಳಿಗೆ ಓಡುತ್ತವೆ. ಪುಟ್ಟಿಗೆ ಇದನ್ನು ತೋರಿಸಬೇಕು ಅಂತ ನನಗೆ ಬಹಳ ಆಸೆ. ನೋಡಿ ಆದ ಮೇಲೆ ತಟ್ಟೆಯನ್ನು ಇನ್ನೊಂದು ತೂತಿನ ಕಾಯಿಯ ಪಕ್ಕ ಇಟ್ಟರೆ ಸಂಜೆಯೊಳಗೆ ಮನೆ ಬದಲಾಯಿಸಿಕೊಳ್ಳುತ್ತವೆ.

ಅಳಿಲು ನಿಮ್ಮ ಹೂಕುಂಡಗಳನ್ನೆಲ್ಲ ಕೆದಕುತ್ತದೆ ಅಂತ ತಂಗಿ ದೂರಿದಳು. ಕುಂಡದ ಮೇಲೆ ಕೋಳಿಬಲೆ ಕತ್ತರಿಸಿ ಹಾಸಿದರೆ ನಿಲ್ಲುತ್ತದೆ. ಆದರೆ ಅದು ಏನು ಮಾಡುತ್ತಿದೆ ಅಂತ ಒಂದು ಗಳಿಗೆ ನಿಂತು ನೋಡು ತಂಗಿ. ಪೆನ್ಸಿಲ್ವೇನಿಯಾದ ವಿಲ್ಕ್ಸ್ ವಿಶ್ವವಿದ್ಯಾಲಯದ ಮೈಕಲ್ ಸ್ಟೀಲ್ ಈ ಬೂದು ಅಳಿಲುಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಒಂದು ಸಂಗತಿ ತೋರಿಸಿಕೊಟ್ಟಿದ್ದಾರೆ. ಬಿಳಿ ಓಕಿನ ಕಾಯಿ ನೆಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ, ಕೂಡಿಡಲು ಬರುವುದಿಲ್ಲ. ಅದಕ್ಕೆ ಅಳಿಲು ಅದನ್ನು ಅಲ್ಲೇ ತಿನ್ನುತ್ತದೆ. ಹೂಳಲೇಬೇಕಾದರೆ ಮೊದಲು ಮೊಳಕೆಯ ಕಣ್ಣನ್ನು ಹಲ್ಲಿನಿಂದ ಕಿತ್ತು ಆಮೇಲೆ ಹೂಳುತ್ತದೆ. ಕೆಂಪು ಓಕಿನದು ಒಂದು ಚಳಿಗಾಲ ಕಳೆಯದೆ ಮೊಳೆಯುವುದಿಲ್ಲ ಅನ್ನುವುದು ಅದಕ್ಕೆ ಗೊತ್ತು, ಅದನ್ನು ಹಾಗೇ ಹೂಳುತ್ತದೆ. ಒಂದೊಂದು ಕಾಯಿಗೆ ಒಂದೊಂದು ಗುಳಿ. ನೆನಪು ತಪ್ಪಿದ್ದು, ಹೂತಿಟ್ಟವನೇ ಗಿಡುಗನ ಬಾಯಿಗೆ ಹೋಗಿ ಉಳಿದದ್ದು, ಅವೇ ಮರವಾಗುವುದು. ನೀಲಿ ಜೇ ಹಕ್ಕಿಯ ಕೆಲಸ ಇದಕ್ಕಿಂತ ದೂರದ್ದು. ಒಂದು ಸಲಕ್ಕೆ ಐದು ಕಾಯಿಯ ತನಕ ಗಂಟಲಲ್ಲೂ ಕೊಕ್ಕಲ್ಲೂ ತುಂಬಿಕೊಂಡು ಮೈಲಿಯಾಚೆ ಒಯ್ದು ನೆಲಕ್ಕೆ ಚುಚ್ಚಿಡುತ್ತದೆ. ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗಿನಲ್ಲಿ ಇದನ್ನು ಲೆಕ್ಕ ಹಾಕಿದವರಿದ್ದಾರೆ. ಒಂದೇ ಶರತ್ಕಾಲದಲ್ಲಿ ಕೆಲವೇ ಮರಗಳಿಂದ ಲಕ್ಷಕ್ಕೂ ಮೀರಿ ಕಾಯಿ ಹೊತ್ತೊಯ್ದಿದ್ದವು. ನಿಮ್ಮ ಮರವನ್ನೂ ಯಾರೂ ನೆಟ್ಟಿರಲಿಕ್ಕಿಲ್ಲ.

ಈಗ ನಾನು ಮುಚ್ಚಿಡಬಾರದ ವಿಷಯ. ನಾಲ್ಕು ವರ್ಷದ ಮಗು ಇರುವ ಮನೆಗೆ ಇದನ್ನು ಹೇಳದೆ ಬರೀ ಹಕ್ಕಿ, ಇರುವೆ ಅಂತ ಬರೆದರೆ ಅದು ಮೋಸವಾಗುತ್ತದೆ.

ಕಾಯಿ ವಿಪರೀತ ಬಿದ್ದ ವರ್ಷ ಬಿಳಿಪಾದದ ಇಲಿಗಳಿಗೆ ಹಬ್ಬ. ಚಳಿಗಾಲ ದಾಟಿ ಮರುಬೇಸಿಗೆಗೆ ಅವುಗಳ ಸಂಖ್ಯೆ ಏರುತ್ತದೆ. ಆ ಇಲಿಗಳ ರಕ್ತ ಕುಡಿದ ಉಣುಗಿನ ಮರಿಗಳಿಗೆ ಲೈಮ್ ರೋಗದ ಸೂಕ್ಷ್ಮಾಣು ಅಂಟುತ್ತದೆ. ಅವು ಅದರ ಮುಂದಿನ ವರ್ಷ ಗಸಗಸೆ ಕಾಳಿನಷ್ಟಾಗಿ, ಮೇ ತಿಂಗಳಿಂದ ಜುಲೈ ತನಕ ಮನುಷ್ಯರ ಮೈಯೇರುತ್ತವೆ. ಕಾಯಿ ಬಿದ್ದ ವರ್ಷಕ್ಕೂ ರೋಗ ಹೆಚ್ಚುವ ವರ್ಷಕ್ಕೂ ನಡುವೆ ಎರಡು ವರ್ಷದ ಅಂತರ. ನ್ಯೂಯಾರ್ಕ್ ರಾಜ್ಯದ ಮಿಲ್‌ಬ್ರೂಕಿನಲ್ಲಿರುವ ಕೇರಿ ಸಂಸ್ಥೆಯ ರಿಚರ್ಡ್ ಆಸ್ಟ್‌ಫೆಲ್ಡ್ ಮತ್ತು ಅವರ ಜೊತೆಗಾರರು ಈ ಕೊಂಡಿಯನ್ನು ಹುಡುಕಿದ್ದು. ಬಿದಿರಕ್ಕಿ ಬಿದ್ದರೆ ಇಲಿ ಏಳುತ್ತದೆ ಅನ್ನುವ ಮಾತು ನಮ್ಮ ಹಿರಿಯರಿಗೂ ಗೊತ್ತಿತ್ತು. ಉಣುಗು ಅಂದರೆ ಏನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಗೊತ್ತಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು. ನಮ್ಮ ಕಡೆ ದರಕು ತರಲು ಹೋದವರು ಜ್ವರ ಹಿಡಿದು ಮಲಗಿದ್ದನ್ನು ಕಂಡವಳು ನಾನು. ಆಮೇಲೆ ಬೆಟ್ಟಕ್ಕೆ ಹೋಗುವವರೆಲ್ಲ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗತೊಡಗಿದರು. ಬೆಟ್ಟವನ್ನು ಯಾರೂ ಕಡಿಯಲಿಲ್ಲ.

ಇಲ್ಲಿಯೂ ಮಾಡಬೇಕಾದದ್ದು ಅಷ್ಟೇ ಸ್ಪಷ್ಟ. ಪುಟ್ಟಿಯ ಜೋಕಾಲಿ ಈಗ ಓಕಿನ ಬುಡದ ಹತ್ತಿರವೇ ಇದೆ. ಅದನ್ನು ಬಿಸಿಲು ಬೀಳುವ ಕಡೆಗೆ, ಮನೆ ಪಕ್ಕಕ್ಕೆ ತನ್ನಿ. ದರಕು ಬಿಡುವ ಜಾಗಕ್ಕೂ ಆಟದ ಹುಲ್ಲಿಗೂ ನಡುವೆ ಮೂರಡಿ ಅಗಲಕ್ಕೆ ಮರದ ಚಕ್ಕೆ ಹಾಸಿ, ಒಣ ಚಕ್ಕೆಯನ್ನು ಉಣುಗು ಸುಲಭವಾಗಿ ದಾಟುವುದಿಲ್ಲ. ಹುಲ್ಲು ಗಿಡ್ಡ ಇರಲಿ. ಬೇಸಿಗೆಯಲ್ಲಿ ಹೊರಗೆ ಆಡಿ ಬಂದ ದಿನ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ಮೊಣಕಾಲ ಸಂದು, ಕೂದಲ ಬುಡ ಬೆರಳಾಡಿಸಿ ನೋಡಿ. ಕಚ್ಚಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಕಚ್ಚಿದ 24 ಗಂಟೆಯೊಳಗೆ ತೆಗೆದರೆ ಲೈಮ್ ಅಂಟುವ ಸಾಧ್ಯತೆ ಬಹಳ ಕಡಿಮೆ. ನಿಮ್ಮೊಬ್ಬರ ಮರ ಕಡಿಸಿದರೆ ಉಣುಗು ಕಡಿಮೆಯಾಗುವುದಿಲ್ಲ, ಯಾಕೆಂದರೆ ನಮ್ಮ ಬೀದಿಯ ಹಿಂದೆ ತೊರೆಯುದ್ದಕ್ಕೂ ಇರುವುದೆಲ್ಲ ಓಕ್ ಮರಗಳೇ. ಕಡಿಮೆಯಾಗುವುದು ನೆರಳು.

ಈ ಕಾಯಿ ನಮಗೆ ಪರಕೀಯ ಅಂತ ತಮ್ಮ ಅಂದದ್ದು ನೆನಪಿದೆ. ನಮ್ಮ ಘಟ್ಟದಲ್ಲಿ ಓಕ್ ತಾನಾಗಿ ಬೆಳೆಯುವುದಿಲ್ಲ, ಹಾಗಾಗಿ ಇದರ ಕಾಯಿಗೆ ನನ್ನ ಅಜ್ಜಿ ಹೇಳಿಕೊಟ್ಟ ಹೆಸರೂ ಇಲ್ಲ. ಆದರೆ ತಮ್ಮಾ, ನೀನು ಹುಟ್ಟಿದ ಮೇಲೆ ನಾಲಿಗೆಗೆ ತಾಗಿದ ಮೊದಲ ರುಚಿಗಳಲ್ಲಿ ಓಕಿನದೂ ಇದ್ದಿರಬಹುದು. ಮಗುವಿಗೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯುವಾಗ ಜೊತೆಗೆ ಮಾಚಿಕಾಯಿ ತೇಯುತ್ತಿದ್ದರಲ್ಲ, ಅದು ಕಾಯಿಯಲ್ಲ. ಇರಾನ್, ತುರ್ಕಿ ಕಡೆಯ ಒಂದು ಓಕಿನ ಎಳೆ ಕೊಂಬೆಗೆ ಸಣ್ಣ ಕಣಜ ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಕಟ್ಟುವ ಗಂಟು. ಸಾಂಬಾರ ಸಾಮಾನಿನ ಜೊತೆ ಅರಬ್ಬಿ ಸಮುದ್ರ ದಾಟಿ ನಮ್ಮ ಗ್ರಂಧಿಗೆ ಅಂಗಡಿಗೆ ಬರುತ್ತಿತ್ತು. ಒಗರು, ಬರೀ ಒಗರು. ನಿಮ್ಮ ಹಿತ್ತಲಿನ ಕಾಯನ್ನು ಕಚ್ಚಿ ನೋಡಿದರೆ ಅದೇ ಒಗರು ಬಾಯಿ ತುಂಬ ಹಿಡಿಯುತ್ತದೆ.

ಆ ಒಗರು ತೆಗೆದರೆ ತಿನ್ನಲೂ ಬರುತ್ತದೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಗೆ ಸಾವಿರಾರು ವರ್ಷ ಇದು ದಿನದ ಅನ್ನವಾಗಿತ್ತು. ಕೊರಿಯದವರು ಇವತ್ತಿಗೂ ಇದರ ಹಿಟ್ಟಿನಿಂದ 'ದೊತೊರಿಮುಕ್' ಅನ್ನುವ ಹಾಲುಬಾಯಿಯಂಥ ಬಿಲ್ಲೆ ಮಾಡುತ್ತಾರೆ. ನಾನು ಮೂರು ಸಲ ಮಾಡಿದ್ದೇನೆ. ನೀರಿಗೆ ಹಾಕಿ ತೇಲಿದ್ದನ್ನು ಬಿಸಾಡಬೇಕು, ಅದರೊಳಗೆ ಹುಳ ಇರುತ್ತದೆ. ಮುಳುಗಿದ್ದನ್ನು ಸುಲಿದು, ತರಿತರಿ ರುಬ್ಬಿ, ತಣ್ಣೀರಲ್ಲಿ ನೆನೆಸಿಟ್ಟು ದಿನಕ್ಕೆರಡು ಸಲ ನೀರು ಬದಲಿಸಬೇಕು. ಮೊದಲ ದಿನದ ನೀರು ಅಡಿಕೆ ಬೇಯಿಸಿದ ಚೊಗರಿನ ಹಾಗೆ ಕೆಂಪು ಕಂದು. ಐದಾರು ದಿನಕ್ಕೆ ತಿಳಿಯಾಗುತ್ತದೆ. ನಾಲಿಗೆಗೆ ಒಗರು ಹತ್ತದಂತಾದ ಮೇಲೆ ಹಿಂಡಿ, ಒಣಗಿಸಿ, ಹಿಟ್ಟು ಮಾಡಿ ಅಕ್ಕಿಹಿಟ್ಟಿನ ಜೊತೆ ಬೆರೆಸಿ ರೊಟ್ಟಿ ತಟ್ಟಿದೆ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ಪರಿಮಳ ಬಂತು. ಯಜಮಾನರು ಎರಡು ಹಾಕಿಸಿಕೊಂಡರು. ನಿಮ್ಮ ಮರದ ಕಾಯಿಯದೇ ರೊಟ್ಟಿ ಅದು, ಈ ವರ್ಷ ನಿಮಗೂ ತಂದುಕೊಡುತ್ತೇನೆ.

ನಮ್ಮಿಂದ ಬಹಳ ದೂರವೇನಲ್ಲದ ಬಾಸ್ಕಿಂಗ್ ರಿಡ್ಜ್ ಊರಿನ ಚರ್ಚಿನ ಆವರಣದಲ್ಲಿ ಸುಮಾರು 600 ವರ್ಷದ್ದೆಂದು ಅಂದಾಜು ಮಾಡಿದ ಬಿಳಿ ಓಕ್ ಇತ್ತು. ಹಂಪಿಯಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಸುಮಾರಿಗೆ ಮೊಳೆತ ಮರ ಅಂದುಕೊಳ್ಳಿ. ಅದು ತಾನಾಗಿ ಒಣಗಿತು, 2017ರ ಏಪ್ರಿಲ್‌ನಲ್ಲಿ ಅದನ್ನು ಇಳಿಸಿದರು. ನಾವೂ ನೋಡಲು ಹೋಗಿದ್ದೆವು. ಜನ ಬೇಲಿಯ ಈಚೆ ಸಾಲಾಗಿ ನಿಂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಯಂತ್ರ ಒಂದು ಕೊಂಬೆ ಇಳಿಸಿದಾಗ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಆ ಮರದ ಕಾಯನ್ನು ಮೊದಲೇ ಆರಿಸಿ ಯೂನಿಯನ್ ಕೌಂಟಿ ಕಾಲೇಜಿನವರು ಸಸಿ ಎಬ್ಬಿಸಿದ್ದರು, ಈಗ ಅದೇ ಆವರಣದಲ್ಲಿ ಅದು ಬೆಳೆಯುತ್ತಿದೆ. ಎರಡು ವರ್ಷದ ಮೇಲೆ, 2019ರ ಜೂನ್‌ನಲ್ಲಿ, ನ್ಯೂಜೆರ್ಸಿಯ ದಕ್ಷಿಣದ ಸೇಲಂ ಊರಿನ ಅಷ್ಟೇ ಹಳೆಯ ಓಕ್ ಬಿತ್ತು. ಅದರ ಕಾಯಿಯಿಂದ ಬೆಳೆಸಿದ ಸಸಿಗಳನ್ನು ರಾಜ್ಯ ಸರ್ಕಾರವೇ ಊರೂರಿಗೆ ಹಂಚಿತು. ನನ್ನ ಬಿಳಿ ಓಕಿನ ಒಂದು ಕಾಯನ್ನೂ ನಾನು ಎತ್ತಿಟ್ಟಿರಲಿಲ್ಲ.

ನಿಮ್ಮ ಮರ ನಿಜವಾಗಿ ಅಪಾಯದ್ದಾಗಿದ್ದರೆ ಅದು ಬೇರೆ ಮಾತು. ಬುಡದಲ್ಲಿ ಅಣಬೆ ಎದ್ದಿದ್ದರೆ, ಬೊಡ್ಡೆ ತಟ್ಟಿದಾಗ ಡೊಳ್ಳು ಸದ್ದು ಬಂದರೆ, ಮನೆ ಮೇಲೆ ಒಣ ಕೊಂಬೆ ಚಾಚಿದ್ದರೆ ಸುಮ್ಮನಿರಬಾರದು. ಅದಕ್ಕೆ ಕಡಿಯುವ ಕೆಲಸದವರನ್ನಲ್ಲ, ಪರವಾನಗಿ ಇರುವ ಮರತಜ್ಞರನ್ನು ಕರೆಸಿ ನೋಡಿಸೋಣ. ನೋಡಿದ್ದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವವರು, ಕಡಿದದ್ದಕ್ಕಲ್ಲ. ಅರ್ಧ ಖರ್ಚು ನಮ್ಮದು. ನೆರಳು ಅರ್ಧ ನಮ್ಮದಲ್ಲವೇ. ಮಾಡಿನ ಮೇಲೆ ಬಂದ ಒಂದೆರಡು ಕೊಂಬೆ ಸವರಬೇಕು ಅಂದರೆ ಚಳಿಗಾಲದಲ್ಲಿ, ಮರ ಮಲಗಿರುವಾಗ ಸವರಿಸೋಣ. ಹಾಗೆ ಮಾಡಿದರೇ ರಾತ್ರಿಯ ಸದ್ದು ಅರ್ಧ ಇಳಿಯುತ್ತದೆ. ಕಡಿಯಲೇಬೇಕೆಂದು ಅವರು ಬರೆದುಕೊಟ್ಟರೆ ಊರಿನ ಕಚೇರಿಯಿಂದ ಪರವಾನಗಿ ಬೇಕಾಗುತ್ತದೆ, ಆ ಅರ್ಜಿಗೂ ನಾನೇ ಜೊತೆಗೆ ಬರುತ್ತೇನೆ, ನಂಬರನ್ನೂ ಕೊಡುತ್ತೇನೆ.

ಅಲ್ಲಿಯ ತನಕ ಈ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಎರಡೂ ಪಂಜರ, ಎರಡು ಬುಟ್ಟಿ ತೆಗೆದುಕೊಂಡು ಬರುತ್ತೇನೆ. ಇಬ್ಬನಿ ಆರಿರುತ್ತದೆ. ಡ್ರೈವ್‌ವೇ, ಮುಂದಿನ ಹುಲ್ಲು ಮುಗಿಸೋಣ, ಬುಡದ ಮೂಲೆಗೆ ಹಗ್ಗ ಕಟ್ಟಿ ಗಡಿ ಹಾಕೋಣ. ತಂಗಿ ಪಾದ ಊರದೆ ಕುರ್ಚಿಯಲ್ಲಿ ಕೂತು ಕಾಯಿಗಳ ಟೊಪ್ಪಿ ಬಿಡಿಸಿದರೆ ಸಾಕು. ಪುಟ್ಟಿಯನ್ನೂ ಕಳಿಸಿ. ತಿಳಿಬಣ್ಣದ ಪ್ಯಾಂಟು ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ ಕಳಿಸಿ.

ನಿಮ್ಮ ಪಕ್ಕದ ಮನೆಯ
ಅಕ್ಕ